ಚೀಟಿಯ ಮೇಲೆ ಚೀಟಿ

ಬಿಳಿಗಡಲ ದಂಡೆ. ಕೊಲ್ಲಿ ಹೆಪ್ಪುಗಟ್ಟಿ ನಾಲ್ಕು ತಿಂಗಳು.
ಸಂಶೋಧನಾ ಕೇಂದ್ರದ ಒಲೆಗೆ ಬರ್ಚ್ ಸೌದೆ ತುರುಕಿ
ಕೈ ಕಾಯಿಸಿಕೊಂಡು ಬಂದು
ಅಗ್ರಫೇನಾ ಸವ್ವತೇಯೆವ್ನಾ
ನೂರಾ ಹದಿನೇಳನೆಯ ಜಾಡಿ ಒರೆಸುತ್ತಾಳೆ.
ಒಳಗೆ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಬಿಳುಪು.
ಬದುಕಿದ್ದಾಗ ಹೊಟ್ಟೆಯಲ್ಲಿ ಕೆಂಡದ ಬಣ್ಣವಿದ್ದಿರಬೇಕು.
ಈಗ ಅನ್ನದ ಗಂಜಿ ಬಣ್ಣ.

ರಾಜಧಾನಿಯಿಂದ ಹೊಸ ಪಟ್ಟಿ ಬಂದಿದೆ.
ಮತ್ತೆ ಹೆಸರು ಬದಲು.
ಹಳೆಯ ಚೀಟಿಯನ್ನು ಅವಳು ಕೀಳುವುದಿಲ್ಲ;
ಅದರ ಮೇಲೇ ಹೊಸದು, ಅಂಟು ಸವರಿ,
ಹೆಬ್ಬೆರಳಲ್ಲಿ ಒತ್ತಿ.

ತೀರ ಕೆಳಗಿನದು ಯಾವನೋ ಸನ್ಯಾಸಿಯ ಕಂದು ಶಾಯಿ:
ರೆಕ್ಕೆಗಾಲಿಗಳ ವರ್ಗ.
ಅಂದರೆ ಬಸವನಹುಳುವಿನ ಹಂಗಿಲ್ಲದ
ಒಂದು ಸ್ವತಂತ್ರ ಸಂಸ್ಥಾನ.
ಆಮೇಲೆ ಯಾರೋ ಕೊಯ್ದು ನೋಡಿದರು:
ರೆಕ್ಕೆ ಅಂದುಕೊಂಡದ್ದು ಕಾಲು.
ನೆಲದ ಮೇಲೆ ತೆವಳಬೇಕಾದ ಕಾಲೇ
ಎರಡಾಗಿ ಸೀಳಿ, ತೆಳುವಾಗಿ,
ನೀರನ್ನು ಬಡಿಯಲು ಕಲಿತಿತ್ತು.
ಸಂಸ್ಥಾನ ಹೋಯಿತು.
ಎರಡನೆಯ ಚೀಟಿ: ಬಸವನಹುಳುಗಳ ವರ್ಗ,
ಬತ್ತಲೆ ಮೈಯವುಗಳ ಗಣ.

ಬಸವನಹುಳು ಎನ್ನುತ್ತೇವೆ ನಾವು,
ಕೊಂಬಿಗೋ, ಹೊರೆಗೋ.
ಇದಕ್ಕೆ ಕೊಂಬಿದೆ. ಹೊರೆ?
ಮೊಟ್ಟೆಯೊಡೆದಾಗ ಇದಕ್ಕೂ ಇತ್ತು ಒಂದು ಬಟ್ಟಲು ಚಿಪ್ಪು,
ಸಾಸಿವೆಗಿಂತ ಸಣ್ಣದು.
ಮೂರೇ ದಿನ. ಕಳಚಿ ಬಿಟ್ಟಿತು.
ಆಮೇಲೆ ಬದುಕಿಡೀ ಮನೆ ಇರುವವರ ಬೇಟೆ.

ಪಕ್ಕದ ಜಾಡಿ, ನೂರಾ ಹದಿನೆಂಟು, ಆ ಮನೆ ಇರುವವರದು.
ಕಪ್ಪು ಮೈ, ಕಡಲೆಕಾಳಿನಷ್ಟು ಗಾತ್ರ,
ಎಡಮುರಿ ಶಂಖ.
ಜೊಲ್ಲಿನ ಬಲೆ ಬೀಸಿ ಅದರ ಕೆಳಗೆ ತೂಗುತ್ತ
ಬಿದ್ದದ್ದನ್ನು ಉಣ್ಣುವ ಸಾಧು ಜೀವಗಳು.

ಮಂಜು ಕೊರೆದು ಇಳಿಯುವ ಮುಳುಗುಗಾರ ಯೆವ್ಲಾಂಪಿ
ಬತ್ತಲೆಯದನ್ನು ದೇವತೆ ಅನ್ನುತ್ತಾನೆ,
ಕಪ್ಪನೆಯದನ್ನು ದೆವ್ವ.
ಊರಲ್ಲೆಲ್ಲ ಹಾಗೆಯೇ.
ಅವನು ಕಂಡಿದ್ದಾನೆ ಒಮ್ಮೆ, ದೀಪದ ಬೆಳಕಲ್ಲಿ, ಮೂಗಿನ ಮುಂದೆಯೇ:
ದೇವತೆಯ ತಲೆ ಒಡೆದು ತೆರೆದುಕೊಂಡು
ಆರು ತೋಳು ಹೊರಬಿದ್ದು
ದೆವ್ವವನ್ನು ಅವುಚಿ ಹಿಡಿದು
ಶಂಖದ ಬಾಯಿ ತನ್ನ ಬಾಯಿಗೆ ಸರಿಯಾಗುವಂತೆ ತಿರುಗಿಸಿ
ಕೊಕ್ಕೆ ಹಾಕಿ ಎಳೆದದ್ದು.
ಅರ್ಧ ಗಂಟೆ, ಅಗ್ರಫೇನಾ!
ನನ್ನ ಗಾಳಿ ಮುಗಿಯಿತು, ಅದರ ಊಟ ಮುಗಿಯಲಿಲ್ಲ.
ಬೇರೇನನ್ನೂ ತಿನ್ನುವುದಿಲ್ಲವಂತೆ.
ದೆವ್ವ ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸ,
ತನ್ನ ಮೈಯನ್ನೇ ಕರಗಿಸಿಕೊಂಡು ಕುಗ್ಗುತ್ತ.

ಮೂರನೆಯ ಚೀಟಿ ಹೇಳಿತ್ತು:
ಇವಕ್ಕೂ ಅವಕ್ಕೂ ಸಂಬಂಧವಿಲ್ಲ,
ಈಜು ಕಲಿತದ್ದು ಬೇರೆ ಬೇರೆಯಾಗಿ.
ಇಂದಿನದು, ನಾಲ್ಕನೆಯದು, ರಕ್ತದ ಅಕ್ಷರ ಓದಿದವರದು:
ಇಲ್ಲ, ಒಂದೇ ಮನೆತನ.
ಪಾಲಾದ ದಾಯಾದಿಗಳು.
ಅಗ್ರಫೇನಾ ನಗುತ್ತಾಳೆ. ಒಬ್ಬರನ್ನೊಬ್ಬರು ತಿನ್ನುವಾಗಲೇ
ಗೊತ್ತಾಗಬೇಕಿತ್ತು.

ಆದರೆ ನೂರಾ ಹದಿನೆಂಟರ ಮುಂದೆ ಅವಳ ನಗು ನಿಲ್ಲುತ್ತದೆ.
ಅದು ಅವಳ ಕೈಯಾರೆ ತುಂಬಿದ ಜಾಡಿ,
ಕೆಲಸಕ್ಕೆ ಸೇರಿದ ವರ್ಷ.
ಫಾರ್ಮಲಿನ್ನಿಗೆ ಸುಣ್ಣದ ಪುಡಿ ಹಾಕಲು ಮರೆತಿದ್ದಳು.
ಹುಳಿ ನಿಧಾನ ಏರಿತ್ತು.
ಇಪ್ಪತ್ತು ಶಂಖಗಳಿದ್ದ ಕಡೆ
ಇಪ್ಪತ್ತು ಬತ್ತಲೆ ಚುಕ್ಕಿಗಳು, ಇನ್ನೂ ಎಡಕ್ಕೇ ಸುರುಟಿಕೊಂಡು,
ಗೋಡೆ ಇದೆ ಎಂಬಂತೆ.

ಹೊರಗಿನ ನೀರೂ ಹುಳಿಯಾಗುತ್ತಿದೆ ಅಂತ
ಬೇಸಗೆಯಲ್ಲಿ ಬಂದ ಹುಡುಗಿಯೊಬ್ಬಳು ಅಳೆದು ಬರೆದುಕೊಂಡು ಹೋದಳು.
ಎಷ್ಟು ಎಂದು ಅಗ್ರಫೇನಾ ಕೇಳಲಿಲ್ಲ.

ಯೆವ್ಲಾಂಪಿ ಮುರಬ್ಬದ ಬಾಟಲಿ ತಂದು ಮೇಜಿನ ಮೇಲಿಟ್ಟ.
ಮಂಜಿನಡಿಯ ನೀರು, ಅದರಲ್ಲಿ ಒಂದು ದೇವತೆ.
ಮೇಲೆ ಕೆಳಗೆ, ಮೇಲೆ ಕೆಳಗೆ,
ಆ ಕಾಲು, ಆ ರೆಕ್ಕೆ,
ಒಳಗೆ ಕೆಂಡ.
ಗಂಡೂ ಅದೇ, ಹೆಣ್ಣೂ ಅದೇ, ಎಂದ. ಪುಣ್ಯವಂತ ಪ್ರಾಣಿ.
ಒಲೆಯಿಂದ ದೂರ ಇಡು, ಎಂದಳು ಅವಳು.

ನಾಲ್ಕನೆಯ ಚೀಟಿಗೆ ಅಂಟು ಹಚ್ಚಿದಳು.
ಬರೆದದ್ದು ಪೆನ್ಸಿಲ್ಲಿನಲ್ಲಿ.
ನೂರಾ ಹದಿನೆಂಟಕ್ಕೆ ಇನ್ನೊಂದು ಸಾಲು ಸೇರಿಸಿದಳು,
ಪಟ್ಟಿಯಲ್ಲಿಲ್ಲದ್ದು:
ಚಿಪ್ಪು ಇತ್ತು. ತಪ್ಪು ನನ್ನದು.
ಒತ್ತಿ ಹಿಡಿದು ನಿಂತಳು, ಹೆಬ್ಬೆರಳು ಬೆಳ್ಳಗಾಗುವ ತನಕ.